ಮಕ್ಕಳ ಕಪಾಟಿನ ‘ಬ್ಲ್ಯಾಕ್ ಬ್ಯೂಟಿ’
ಕುದುರೆಯೊಂದು ತನ್ನ ಕಥೆಯನ್ನು ತಾನೇ ಹೇಳುವ, ಆನಾ ಸ್ಯೂವೆಲ್ ಅವರ ಕಾದಂಬರಿ ‘ಬ್ಲ್ಯಾಕ್ ಬ್ಯೂಟಿ’ಯನ್ನು ಈ ವಾರ ಮತ್ತೆ ಓದಿ ಮುಗಿಸಿದೆ. 1877ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಇದನ್ನು ನಾವು ಮಕ್ಕಳ ಪುಸ್ತಕವೆಂದೇ ಓದುತ್ತ ಬಂದಿದ್ದೇವೆ. ಆದರೆ ಹದಿಹರೆಯದಲ್ಲೇ ಕಾಲಿಗೆ ಪೆಟ್ಟಾಗಿ, ಓಡಾಟಕ್ಕೆ ಕುದುರೆಗಾಡಿಯನ್ನೇ ನೆಚ್ಚಿಕೊಂಡಿದ್ದ ಲೇಖಕಿ ಅದನ್ನು ಬರೆದದ್ದು ಕುದುರೆಗಳೊಡನೆ ದುಡಿಯುವವರಲ್ಲಿ ಕರುಣೆ ಹುಟ್ಟಿಸಲೆಂದು. ಪ್ರಕಟವಾದ ಕೆಲವೇ ತಿಂಗಳಲ್ಲಿ, 1878ರಲ್ಲಿ, ಅವರು ತೀರಿಕೊಂಡರು. ಬರೆದ ಕಾದಂಬರಿ ಇದೊಂದೇ. ತಲೆ ಸದಾ ಎತ್ತರದಲ್ಲೇ ನಿಲ್ಲಲೆಂದು, ಕೇವಲ ಶೋಕಿಗಾಗಿ, ಬಿಗಿಯುತ್ತಿದ್ದ ಲಗಾಮಿನ ಹಿಂಸೆಯನ್ನು ಕುದುರೆಯ ಬಾಯಿಂದಲೇ ಕೇಳುವಾಗ ನನ್ನ ಕುತ್ತಿಗೆಯೂ ನೋಯುತ್ತದೆ. ಬಾಡಿಗೆ ಗಾಡಿ ಎಳೆದೆಳೆದು ಸವೆದುಹೋದ, ಬ್ಯೂಟಿಯ ಗೆಳತಿ ಕುದುರೆ ಜಿಂಜರ್‌ಳ ಸಾವನ್ನು ಮಕ್ಕಳಿಂದ ಮರೆಮಾಡಬೇಕೆಂದು ನನಗೆ ಎಂದೂ ಅನ್ನಿಸಿಲ್ಲ. ಆ ಅಧ್ಯಾಯವನ್ನು ಮೊಟಕುಗೊಳಿಸಿದರೆ ಪುಸ್ತಕದ ಜೀವವೇ ಹೋಗುತ್ತದೆ. ಅಕ್ಕನ ಮಗಳಿಗೆ ಸಂಕ್ಷಿಪ್ತ ಆವೃತ್ತಿಯ ಬದಲು ಪೂರ್ಣ ಪಠ್ಯವನ್ನೇ ಕೊಡುತ್ತಿದ್ದೇನೆ.