ಮೊದಲು ಸೀಟು, ಆಮೇಲೆ ಪ್ಲೈವುಡ್

ಬೆಳಗಾವಿಯ ಜುಲೈ ಭಾನುವಾರ. ಹೊರಗೆ ಬಿಡದ ಜಿಟಿಜಿಟಿ ಮಳೆ, ಒಳಗೆ ನೆಲದ ಮೇಲೆ ಗುಜರಿಯಿಂದ ತಂದ ಮಾರುತಿ 800ರ ಸೀಟು. ಸೆಗಾ ಕಂಪನಿಯ ಕಾರು ಓಡಿಸುವ ವಿಡಿಯೋ ಗೇಮ್ ಔಟ್ ರನ್ 1986ರಲ್ಲಿ ಬಂದಾಗ ಕೂತು ಆಡುವ ದೊಡ್ಡ ಪೆಟ್ಟಿಗೆಯಿತ್ತಲ್ಲ, ಅಂಥದ್ದನ್ನು ಮನೆಯಲ್ಲೇ ಕಟ್ಟುವ ಕೆಲಸ ಶುರುವಾದದ್ದು ಅವತ್ತು. ಬಡಿಗೇರರು ಗರಗಸ ಹಿಡಿದು ಬಂದಿದ್ದರು, ಆದರೆ ಮಧ್ಯಾಹ್ನದವರೆಗೆ ಹಲಗೆಗೆ ಗರಗಸ ತಾಗಲಿಲ್ಲ. ತಾಗಬಾರದು ಕೂಡ. ಮೊದಲು ಸೀಟಿನಲ್ಲಿ ಒಬ್ಬರು ಕೂರಬೇಕು, ಅಳತೆ ಅವರ ಮೈಯಿಂದ ಬರಬೇಕು. ಸೀಟಿನ ಮುಂದಿನ ಅಂಚು ನೆಲದಿಂದ 280 ಮಿಲಿಮೀಟರ್, ಸ್ಟೇರಿಂಗಿನ ನಡು 680. ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿಯೇ ಇರಬೇಕು. ಸೀಟಿನ ಕೆಳಗಿನ ಹಳೆಯ ಹಳಿಗಳನ್ನು ಬಿಚ್ಚಿ ಎಸೆಯಬೇಡಿ. ಮಕ್ಕಳಿಗೂ ದೊಡ್ಡವರಿಗೂ ಒಂದೇ ಪೆಟ್ಟಿಗೆ ಹೊಂದುವುದು ಅವುಗಳಿಂದಲೇ.

ಸೀಟು ಒಂದು ಕಡೆ, ಪೆಡಲ್ ಇನ್ನೊಂದು ಕಡೆ ಬಿಡಿಯಾಗಿಟ್ಟರೆ ಏನಾಗುತ್ತದೆಂದು ಆಗಲೇ ಗೊತ್ತಾಯಿತು. ಬ್ರೇಕ್ ಒತ್ತಿದ ಕೂಡಲೇ ಪೆಡಲ್ ಮುಂದೆ ಜಾರಿತು, ಸೀಟು ಹಿಂದೆ ಸರಿಯಿತು. ಒತ್ತುವ ಕಾಲಿನ ಬಲವೇ ಬೆನ್ನನ್ನು ಹಿಂದಕ್ಕೆ ನೂಕುವುದರಿಂದ ಎರಡನ್ನೂ ಒಂದೇ ಚೌಕಟ್ಟಿಗೆ ಬಿಗಿಯಬೇಕು. ಮರುದಿನ ಉದ್ಯಮಬಾಗದ ವೆಲ್ಡಿಂಗ್ ಶಾಪಿನಲ್ಲಿ 40×40 ಅಳತೆಯ, 2 ಮಿಲಿಮೀಟರ್ ದಪ್ಪದ ಚೌಕ ಪೈಪಿನಿಂದ 1500 ಉದ್ದ, 600 ಅಗಲದ ಚೌಕಟ್ಟು ಮಾಡಿಸಿದ್ದು ಅದಕ್ಕೇ. 6 ಮೀಟರಿನ ಒಂದು ಪೈಪು ಸಾಲದು, ಎರಡು ಬೇಕು. ಸ್ಟೇರಿಂಗ್ ಹೊರುವ ಎರಡು ಕಂಬಗಳಿಗೆ ಓರೆ ಆಧಾರ ಕೊಡದಿದ್ದರೆ ತಿರುವಿನಲ್ಲಿ ಇಡೀ ಮೇಲ್ಭಾಗ ಒಲೆದಾಡುತ್ತದೆ. ವೆಲ್ಡಿಂಗಿನವರು ಕೈಯಿಂದ ಅಲುಗಾಡಿಸಿ, "ಈಗ ಹಿಡದ್ ಜಗ್ಗಿ ನೋಡ್ರಿ, ಅಲಗತೈತೇನು?" ಅಂದರು. ನಿಜಕ್ಕೂ ಅದೇ ಸರಿಯಾದ ಪರೀಕ್ಷೆ.

ಸ್ಟೇರಿಂಗು ಲಾಜಿಟೆಕ್ ಜಿ29, ಗೇಮ್ ಆಡಲೆಂದೇ ಮಾಡಿದ್ದು, ಒಳಗೆ ಮೋಟರಿರುವಂಥದ್ದು. ಅದರ ಅಡಿಯಲ್ಲಿ ಎಂ6, ಅಂದರೆ 6 ಮಿಲಿಮೀಟರ್ ದಪ್ಪದ ಬೋಲ್ಟಿನ ಎರಡು ತೂತುಗಳಿವೆ. ಬರೀ ಕ್ಲಾಂಪು ನಂಬಬೇಡಿ, ಮೋಟರಿನ ನಡುಕಕ್ಕೆ ಅದು ಮೆಲ್ಲಗೆ ಸಡಿಲವಾಗುತ್ತದೆ. 5 ಮಿಲಿಮೀಟರ್ ಕಬ್ಬಿಣದ ಪಟ್ಟಿಯ ಮೇಲಿಟ್ಟು ಕೆಳಗಿನಿಂದ ಬೋಲ್ಟು ಹಾಕಿ, ಆದರೆ ತೂತಿನ ಆಳವನ್ನು ಮೊದಲು ಕಡ್ಡಿಯಿಂದ ಅಳೆಯಿರಿ. ಉದ್ದದ ಬೋಲ್ಟು ಒಳಗಿನ ಭಾಗಗಳಿಗೆ ತಾಗುತ್ತದೆ. ಈ ಸ್ಟೇರಿಂಗು 900 ಡಿಗ್ರಿ ತಿರುಗುತ್ತದೆ. ಹಳೆಯ ಆರ್ಕೇಡ್ ಆಟಗಳಿಗೆ ಸೆಟ್ಟಿಂಗಿನಲ್ಲಿ 270ಕ್ಕೆ ಇಳಿಸದಿದ್ದರೆ ಎಷ್ಟು ತಿರುಗಿಸಿದರೂ ಕಾರು ಸೋಮಾರಿಯಂತೆ ಹೊರಳುತ್ತದೆ.

ಪೆಡಲ್ ಮಾತ್ರ ನಾವೇ ಮಾಡಿದ್ದು. ಅತಿ ಹೆಚ್ಚು ತಪ್ಪಾಗುವ ಜಾಗವೂ ಇದೇ. ಪೆಡಲ್ ಎಷ್ಟು ಒತ್ತಿದೆಯೆಂದು ತಿಳಿಸುವುದು ಪೊಟೆನ್ಶಿಯೋಮೀಟರ್, ಅಂದರೆ ತಿರುಗಿಸಿದಂತೆ ರೋಧ ಬದಲಾಗುವ ಪುಟ್ಟ ಭಾಗ. 10 ಕಿಲೋಓಮ್‌ನದನ್ನು ಕೊಳ್ಳುವಾಗ 'ಬಿ10ಕೆ' ಎಂದು ಬರೆದದ್ದನ್ನೇ ಕೇಳಿ. 'ಎ' ಎಂದಿರುವುದು ವಾಲ್ಯೂಮಿಗೆ ಬಳಸುವಂಥದ್ದು, ಅದನ್ನು ಹಾಕಿದರೆ ಆಕ್ಸಿಲರೇಟರ್ ಅರ್ಧದವರೆಗೆ ಸುಮ್ಮನಿದ್ದು ಆಮೇಲೆ ಒಮ್ಮೆಲೇ ನೆಗೆಯುತ್ತದೆ. ಪೊಟೆನ್ಶಿಯೋಮೀಟರ್ ಸುಮಾರು 300 ಡಿಗ್ರಿ ತಿರುಗುತ್ತದೆ, ಪೆಡಲ್ ಆಡುವುದು 30 ಡಿಗ್ರಿ ಮಾತ್ರ. ಅದನ್ನು ಓದಿ ಯುಎಸ್‌ಬಿ ಮೂಲಕ ಆಟಕ್ಕೆ ಕಳಿಸುವ ಪ್ರೊ ಮೈಕ್ರೋ ಎಂಬ ಪುಟ್ಟ ಬೋರ್ಡು 0ಯಿಂದ 1023ರವರೆಗೆ ಎಣಿಸಬಲ್ಲದಾದರೂ ನೇರವಾಗಿ ಜೋಡಿಸಿದರೆ ನೂರು ಮೆಟ್ಟಿಲಷ್ಟೇ ಸಿಗುತ್ತದೆ. ಪೆಡಲಿನ ಒಂದು ಡಿಗ್ರಿಗೆ ಪೊಟೆನ್ಶಿಯೋಮೀಟರ್ ಮೂರು ತಿರುಗುವಂತೆ ಗೇರು ಹಾಕಿದರೆ ಮುನ್ನೂರು. ಪೆಡಲಿಗೆ ಕಬ್ಬಿಣದ ತಡೆ ಬೇರೆಯೇ ಇರಲಿ. ಇಲ್ಲದಿದ್ದರೆ ಗಾಬರಿಯಲ್ಲಿ ತುಳಿದ ಬ್ರೇಕಿನ ಭಾರವೆಲ್ಲ ಆ ಪುಟ್ಟ ಪೊಟೆನ್ಶಿಯೋಮೀಟರ್ ಮೇಲೆ ಬಿದ್ದು ಅದು ಮುರಿಯುತ್ತದೆ. ಬೋರ್ಡು ಓದುವ ಅಂಕಿ ನಡುಗುತ್ತಿದ್ದರೆ ಪೊಟೆನ್ಶಿಯೋಮೀಟರಿನ ನಡುವಿನ ಕಾಲಿನಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಕು. ಬ್ರೇಕಿನ ಸ್ಪ್ರಿಂಗಿನೊಳಗೆ ಗಟ್ಟಿ ರಬ್ಬರಿನ ತುಂಡು ಸೇರಿಸಿದಾಗ ಕಾಲಿಗೆ ಸಿಗುವ ಹಿಡಿತ ಎಷ್ಟು ಚೆಂದವೆಂದರೆ, ಆ ಒಂದು ತುಂಡಿಗಾಗಿ ಅರ್ಧ ದಿನ ಹುಡುಕಿದ್ದು ಸಾರ್ಥಕ.

ಬಲ ಹೊರುವುದೆಲ್ಲ ಕಬ್ಬಿಣಕ್ಕೆ ಹೋದ ಮೇಲೆ ಪ್ಲೈವುಡ್ ಕೆಲಸ ಹಗುರ. ಅದು ಟಿವಿ, ಸ್ಪೀಕರು ಹೊತ್ತರೆ ಸಾಕು. 18 ಮಿಲಿಮೀಟರಿನ ವಾಟರ್‌ಪ್ರೂಫ್ ಪ್ಲೈಯನ್ನೇ ತನ್ನಿ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಗ್ಗ, ನುಣುಪು ಎಲ್ಲ ಹೌದು, ಆದರೆ ಬೆಳಗಾವಿಯ ಮಳೆಗಾಲದ ತೇವಕ್ಕೆ ಅದರ ಅಂಚುಗಳು ಊದಿಕೊಳ್ಳುತ್ತವೆ, ಸ್ಕ್ರೂ ಹಿಡಿಯುವುದಿಲ್ಲ. 32 ಇಂಚಿನ ಟಿವಿಯ ಪರದೆ ಸುಮಾರು 708 ಮಿಲಿಮೀಟರ್ ಅಗಲ. ಟಿವಿಯಲ್ಲಿ ಗೇಮ್ ಮೋಡ್ ಹಾಕಲು ಮರೆಯಬಾರದು, ಇಲ್ಲದಿದ್ದರೆ ಚಿತ್ರ ಕೈಗಿಂತ ಹಿಂದೆ ಬೀಳುತ್ತದೆ. ಗಾಳಿಗೆ ಕೆಳಗೆ ಒಂದು ತೂತು, ಮೇಲೆ 120 ಮಿಲಿಮೀಟರ್ ಫ್ಯಾನ್. ಕಬ್ಬಿಣದ ಚೌಕಟ್ಟಿಗೆ ಕಡ್ಡಾಯವಾಗಿ ಅರ್ಥಿಂಗ್ ಕೊಡಿ. ಯುಎಸ್‌ಬಿ ವೈರನ್ನು ಕರೆಂಟ್ ವೈರಿನ ಜೊತೆ ಕಟ್ಟಬೇಡಿ.

ಒಳಗೆ ಟಿವಿಯ ಚೌಕಟ್ಟಿಗೆ 730 ಬಿಟ್ಟು ಎರಡು ಪಕ್ಕದ ಹಲಗೆ ಸೇರಿಸಿದರೆ ಹೊರ ಅಗಲ 766 ಆಗುತ್ತದೆ. ಎರಡೂವರೆ ಅಡಿಯ ಬಾಗಿಲು ಅಂದರೆ 762, ಪೆಟ್ಟಿಗೆ ಇಡಿಯಾಗಿ ಅದರಲ್ಲಿ ಹಾಯುವುದಿಲ್ಲ. ಈ ಲೆಕ್ಕ ಹಲಗೆ ಕೊಯ್ಯುವ ಮುಂಚೆಯೇ ಆಗಬೇಕು. ಹಾಗಾಗಿ ಟಿವಿ ಪೆಟ್ಟಿಗೆಯ ಪಕ್ಕದ ಹಲಗೆಗಳಿಗೆ ಅಂಟು ಹಾಕದೆ ಬೋಲ್ಟಿನಿಂದಲೇ ಕೂಡಿಸಿ, ಸೀಟಿನ ಚೌಕಟ್ಟನ್ನೂ ಅದಕ್ಕೆ ನಾಲ್ಕು ಬೋಲ್ಟುಗಳಿಂದ ಜೋಡಿಸಿದ್ದು. ಬಿಚ್ಚುವಾಗ ಮೊದಲು ಟಿವಿ ಇಳಿಸಬೇಕು. ಪ್ರತಿ ವೈರಿನ ಎರಡೂ ತುದಿಗೆ ಒಂದೇ ಅಂಕಿ ಬರೆದ ಟೇಪು ಅಂಟಿಸಿರಬೇಕು.