ಏಜೆಂಟ್‌ಗಳಿಗೊಂದು ದೂರು ಪೆಟ್ಟಿಗೆ: ಇಲ್ಲಿವರೆಗಿನ ಕೆಲಸ

ಡಿಸೆಂಬರ್

ಕಲಬುರಗಿಯ ಗಂಜ್‌ನಲ್ಲಿ ಗೆಳೆಯನೊಬ್ಬನ ದಾಲ್ ಮಿಲ್ ಇದೆ. ಅಲ್ಲಿನ ದಾಸ್ತಾನು ಲೆಕ್ಕಕ್ಕೆ ಹಿಂದೆ ಒಂದು ಚಿಕ್ಕ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಈ ಸಲ ಸುಗ್ಗಿಗೆ ಮುಂಚೆ ಅದಕ್ಕೊಂದು ಎಂಸಿಪಿ ಸರ್ವರ್ ಜೋಡಿಸಿದೆ. ಎಂಸಿಪಿ ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಹೊರತಂದದ್ದು. ಎಐ ಏಜೆಂಟ್‌ಗಳು (ಹೇಳಿದ ಕೆಲಸವನ್ನು ತಾವೇ ಮಾಡುವ ಎಐ ಪ್ರೋಗ್ರಾಂಗಳು) ಬೇರೆ ಸಾಫ್ಟ್‌ವೇರ್‌ಗಳ ಟೂಲ್‌ಗಳನ್ನು, ಅಂದರೆ ಒಂದೊಂದು ಕೆಲಸ ಮಾಡಿಕೊಡುವ ಸೌಲಭ್ಯಗಳನ್ನು, ಕರೆಯುವುದಕ್ಕೆ ಹಲವರು ಒಪ್ಪಿಕೊಂಡ ಒಂದು ರೀತಿ. ಈಗ ಗುಮಾಸ್ತರು ಫೋನ್‌ನಲ್ಲಿ ಕನ್ನಡದಲ್ಲೇ ಕೇಳುತ್ತಾರೆ, ಏಜೆಂಟ್ ಲೆಕ್ಕ ನೋಡಿ ಹೇಳುತ್ತದೆ.

ತೊಂದರೆ ಏನೆಂದರೆ, ಏಜೆಂಟ್ ಗೊಣಗುವುದಿಲ್ಲ. ಒಂದು ಟೂಲ್ ಕೈಕೊಟ್ಟರೆ ಇನ್ನೊಂದನ್ನು ಕರೆಯುತ್ತದೆ. ಅದೂ ಆಗದಿದ್ದರೆ ಇಡೀ ಪಟ್ಟಿ ತರಿಸಿಕೊಂಡು ತಾನೇ ಕೂಡಿಸುತ್ತದೆ. ಉತ್ತರ ಎಷ್ಟೋ ಸಲ ಸರಿಯಾಗೇ ಇರುತ್ತದೆ. ಹಾಗಾಗಿ ಟೂಲ್ ಕೆಟ್ಟಿದೆ ಅನ್ನೋ ಸುದ್ದಿ ನನ್ನ ತನಕ ಬರುವುದೇ ಇಲ್ಲ. ಸರ್ವರ್ ಲಾಗ್ (ನಡೆದದ್ದರ ದಾಖಲೆ) ತೆಗೆದರೆ ಎಲ್ಲಾ ಕಡೆ 200, ಅಂದರೆ 'ಎಲ್ಲ ಸರಿ'. ಎರರ್ ಇಲ್ಲ, ತಪ್ಪು ಮಾತ್ರ ಇದೆ.

ಅದಕ್ಕೇ ಅದೇ ಸರ್ವರ್‌ಗೆ ಇನ್ನೊಂದು ಟೂಲ್ ಸೇರಿಸಿದೆ: 'ದೂರು ಕೊಡು'. ಏನಾದರೂ ವಿಚಿತ್ರ ಕಂಡರೆ ಇದನ್ನು ಕರೆ, ಆಮೇಲೆ ನಿನ್ನ ಕೆಲಸ ಮುಂದುವರಿಸು ಎಂದು ವಿವರಣೆಯಲ್ಲಿ ಬರೆದೆ. ದೂರುಗಳೆಲ್ಲ ಒಂದು ಎಸ್‌ಕ್ಯೂಲೈಟ್ ಫೈಲ್‌ಗೆ ಹೋಗುತ್ತವೆ. ಇದಕ್ಕಿಂತ ದೊಡ್ಡ ಡೇಟಾಬೇಸ್ ಬೇಕಿಲ್ಲ.

ಜನವರಿ

ಮೊದಲಿಗೆ ದೂರನ್ನು ಹೇಗೆ ಬೇಕಾದರೂ ಬರೆಯಬಹುದಿತ್ತು. ಏಜೆಂಟ್‌ಗಳು ಚೆಂದವಾಗಿ, ಉದ್ದುದ್ದ ಬರೆದವು. ಆದರೆ ಒಂದೊಂದರಲ್ಲಿ ಬಂದಿರದ ಎರರ್ ಕೂಡ ಇತ್ತು. 'ಸರ್ವರ್ 500 ಕೊಟ್ಟಿತು', ಅಂದರೆ ಸರ್ವರ್ ಒಳಗೇ ಎರರ್ ಆಯಿತು, ಅನ್ನುತ್ತದೆ. ಲಾಗ್‌ನಲ್ಲಿ ಅಂಥದ್ದೇನೂ ಇಲ್ಲ.

ಹಾಗಾಗಿ ರೀತಿ ಬದಲಿಸಿದೆ: ನಡೆದದ್ದಕ್ಕೆ ಸಾಕ್ಷಿ ಸರ್ವರ್‌ನದು, ಅಭಿಪ್ರಾಯ ಮಾತ್ರ ಏಜೆಂಟ್‌ನದು. ಯಾವ ಕರೆಯಲ್ಲಿ ಎಡವಟ್ಟಾಯಿತೋ ಅದರ ಸಂಖ್ಯೆಯನ್ನಷ್ಟೇ ಏಜೆಂಟ್ ಕೊಡಬೇಕು. ಕಳಿಸಿದ್ದೇನು, ಬಂದದ್ದೇನು ಎಂಬುದನ್ನು ಸರ್ವರ್ ತನ್ನ ಲಾಗ್‌ನಿಂದಲೇ ಅಂಟಿಸುತ್ತದೆ. ಏಜೆಂಟ್ ಬರೆಯುವುದು ಮೂರೇ ಸಾಲು: ಏನು ನಿರೀಕ್ಷಿಸಿದ್ದೆ, ಏನು ಸರಿ ಕಾಣಲಿಲ್ಲ, ಆಮೇಲೆ ಏನು ಮಾಡಿದೆ. ಮೂರನೆಯದೇ ನನಗೆ ಬಂಗಾರ. ಯಾವ ಒಳದಾರಿ ಹಿಡಿಯಿತು ಅಂತ ಗೊತ್ತಾದರೆ ರಸ್ತೆ ಎಲ್ಲಿ ಕಿತ್ತಿದೆ ಅಂತಲೂ ಗೊತ್ತಾಗುತ್ತದೆ.

ಜನವರಿ ಕೊನೆ

ಮೊದಲ ಒಳ್ಳೆ ಬೇಟೆ. ಗುಮಾಸ್ತರು ಫೋನ್ ಮಾಡಿದರು: "ತೊಗರಿನೇ ಇಲ್ಲಂತ ಹೇಳ್ತದಲ್ರೀ ಇದು! ಗೋದಾಮಿನ್ಯಾಗ ಕಾಲಿಡ್ಲಿಕ್ಕ ಜಾಗ ಇಲ್ಲ." 2019ರಲ್ಲಿ ಜಿಐ ಟ್ಯಾಗ್ ಪಡೆದ ಬೇಳೆಯ ಊರಲ್ಲಿ, ಸುಗ್ಗಿಯಲ್ಲಿ, ತೊಗರಿ ಇಲ್ಲವಂತೆ!

ಪೆಟ್ಟಿಗೆ ತೆಗೆದು ನೋಡಿದರೆ ಅಷ್ಟರಲ್ಲೇ ದೂರು ಬಂದು ಕೂತಿತ್ತು: "ತೊಗರಿ ಎಂದು ಹುಡುಕಿದರೆ ಸೊನ್ನೆ ಸಾಲು. ಒಟ್ಟು ತೂಕದ ಟೂಲ್ ಪ್ರಕಾರ ಗೋದಾಮು ತುಂಬಿದೆ. ಎರಡೂ ಹೊಂದುತ್ತಿಲ್ಲ."

ಕಾರಣ ಯೂನಿಕೋಡ್, ಅಂದರೆ ಕಂಪ್ಯೂಟರ್‌ನಲ್ಲಿ ಅಕ್ಷರಗಳನ್ನು ಸಂಕೇತಗಳಾಗಿ ಇಡುವ ರೀತಿ. 'ತೊ' ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿ ಇಡಬಹುದು. ಎತ್ವ ಮತ್ತು ಕೊಂಬಿನಿಳಿ ಎಂದು ಎರಡು ಸಂಕೇತವಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕಂಪ್ಯೂಟರ್‌ಗೆ ಮಾತ್ರ ಬೇರೆ ಬೇರೆ. ಹಳೆಯ ಪಟ್ಟಿಯಿಂದ ಬಂದ ತೊಗರಿ ಎರಡು ಸಂಕೇತದ್ದು, ಏಜೆಂಟ್ ಹುಡುಕಿದ್ದು ಒಂದು ಸಂಕೇತದ್ದು. ಎಸ್‌ಕ್ಯೂಲೈಟ್ ತಾನಾಗಿ ಇವನ್ನು ಒಂದು ಮಾಡುವುದಿಲ್ಲ. ಉಳಿಸುವಾಗ, ಹುಡುಕುವಾಗ ಎರಡೂ ಕಡೆ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸಿದ ರೂಪಕ್ಕೆ, ತಂದೆ. ಸರಿಹೋಯಿತು. ಗೋಧಿ, ಜೋಳದ ಸಾಲುಗಳಲ್ಲೂ ಇದೇ ರೋಗ ಕಾದು ಕೂತಿತ್ತು. ಹೆಸರು, ಕಡಲೆಗೆ ಏನೂ ಆಗಿರಲಿಲ್ಲ, ಅವುಗಳಲ್ಲಿ ಅಂಥ ಅಕ್ಷರವೇ ಇಲ್ಲ ಅಲ್ವಾ.

ಫೆಬ್ರವರಿ

ಏಜೆಂಟ್ ತಾನೇ ತಪ್ಪು ಮಾಡಿ ಟೂಲ್ ಮೇಲೆ ಹಾಕುವುದೂ ಉಂಟು. ಕೊಡಬೇಕಾದ್ದು ಕೊಡದೆ ಕರೆದರೆ ಜೇಸನ್-ಆರ್‌ಪಿಸಿಯಲ್ಲಿ (ಎಂಸಿಪಿ ಸಂದೇಶ ಕಳಿಸುವ ರೀತಿ) -32602, ಅಂದರೆ 'ಕೊಟ್ಟ ವಿವರ ಸರಿಯಿಲ್ಲ' ಅನ್ನೋ ಎರರ್, ಬರುತ್ತದೆ. ಅಂಥ ದೂರುಗಳನ್ನು ತಳ್ಳಿಹಾಕೋಣ ಅಂದುಕೊಂಡಿದ್ದೆ. ಆದರೆ ಬೇರೆ ಬೇರೆ ಎಐ ಮಾಡೆಲ್‌ಗಳು ಒಂದೇ ಜಾಗದಲ್ಲಿ ಎಡವುತ್ತಿದ್ದರೆ ಹೊಸ್ತಿಲೇ ಎತ್ತರ ಇರಬೇಕು. 'ತೂಕ' ಅಂತ ಒಂದು ಕಾಲಂ ಇತ್ತು. ಕಿಲೋನೋ ಕ್ವಿಂಟಲೋ ಎಲ್ಲೂ ಬರೆದಿರಲಿಲ್ಲ. ಗಂಜ್‌ನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ, ಕ್ವಿಂಟಲ್ ಅಂತ ಎಲ್ಲರಿಗೂ ಗೊತ್ತು. ಏಜೆಂಟ್‌ಗೆ ಗೊತ್ತಿಲ್ಲ. ಕಿಲೋ ಹಾಕಿದರೆ ದಾಸ್ತಾನು ನೂರು ಪಟ್ಟು ಉಬ್ಬುತ್ತದೆ, ಸರ್ವರ್ ಮಾತ್ರ ನಗುನಗುತ್ತಾ 200 ಅನ್ನುತ್ತದೆ. ಕಾಲಂ ಹೆಸರನ್ನೇ 'ತೂಕ_ಕ್ವಿಂಟಲ್' ಮಾಡಿದೆ. ಆಮೇಲೆ ಆ ದೂರು ಬಂದಿಲ್ಲ.

ಒಂದೇ ದೂರು ಮತ್ತೆ ಮತ್ತೆ ಬಂದು ಗುಡ್ಡೆ ಬೀಳದಂತೆ, ಟೂಲ್ ಹೆಸರು, ಎರರ್ ಸಂಖ್ಯೆ, ಕಳಿಸಿದ ಕಾಲಂಗಳ ಹೆಸರು ಸೇರಿಸಿ ಶಾ-256 ಹ್ಯಾಶ್ (ಬೆರಳಚ್ಚಿನಂಥ ಚಿಕ್ಕ ಗುರುತು) ಮಾಡುತ್ತೇನೆ. ಹ್ಯಾಶ್ ಒಂದೇ ಆದರೆ ಎಣಿಕೆ ಮಾತ್ರ ಏರುತ್ತದೆ.

ಮಾರ್ಚ್

ರೈತರ ಫೋನ್, ಆಧಾರ್ ನಂಬರ್ ದೂರಿನೊಳಗೆ ಸೇರಬಾರದು. ಉಳಿಸುವ ಮುಂಚೆಯೇ ಮರೆಮಾಡಬೇಕು. 12 ಅಂಕಿ ಕಂಡಲ್ಲೆಲ್ಲ ಮುಚ್ಚಿದರೆ ಬಿಲ್ ನಂಬರ್‌ಗಳೂ ಹೋಗುತ್ತವೆ, ದೂರು ಅರ್ಥವಾಗುವುದಿಲ್ಲ. ಆಧಾರ್ 0 ಅಥವಾ 1ರಿಂದ ಶುರುವಾಗುವುದಿಲ್ಲ, ಕೊನೆಯ ಅಂಕಿ ವರ್‌ಹಾಫ್ ಲೆಕ್ಕಕ್ಕೆ (ತಪ್ಪು ಅಂಕಿ ಹಿಡಿಯುವ ಲೆಕ್ಕ) ಕೂಡಬೇಕು. ಈ ಎರಡು ಪರೀಕ್ಷೆ ಹಾಕಿದ ಮೇಲೆ ಹೆಚ್ಚಿನ ಬಿಲ್ ನಂಬರ್ ಉಳಿದವು. ಹತ್ತರಲ್ಲೊಂದು ಸುಮ್ನೆ ಲೆಕ್ಕಕ್ಕೆ ಕೂಡಿ ಮುಚ್ಚಿಹೋಗುತ್ತದೆ, ಹೋಗಲಿ.

ದೂರುಗಳನ್ನು ವಿಂಗಡಿಸಲು ಇನ್ನೊಂದು ಏಜೆಂಟ್ ಇಟ್ಟಿದ್ದೇನೆ. ಅದಕ್ಕೆ ಓದುವ ಹಕ್ಕು ಮಾತ್ರ. ದೂರಿನ ಪಠ್ಯದಲ್ಲಿ ಯಾರಾದರೂ 'ಎಲ್ಲಾ ಅಳಿಸು' ಅಂತ ತುರುಕಿದ್ದರೂ ಅದರಿಂದ ಏನೂ ಅಳಿಸಲಾಗಬಾರದು. ತಪ್ಪನ್ನು ಮತ್ತೆ ಓಡಿಸಿ ನೋಡುವುದೂ ಡೇಟಾಬೇಸ್‌ನ ನಕಲಿನ ಮೇಲೆ ಮಾತ್ರ. ಇಲ್ಲದಿದ್ದರೆ ಒಂದೇ ಲೋಡ್ ಎರಡು ಸಲ ಜಮಾ ಆಗುತ್ತದೆ.

ಈಗ ಕೈಯಲ್ಲಿರುವುದು: ದೂರು ಕೊಟ್ಟ ಏಜೆಂಟ್ ನಾಳೆ ಅದನ್ನು ನೆನಪಿಟ್ಟುಕೊಂಡು ಬರುವುದಿಲ್ಲ. ಹಾಗಾಗಿ ಇನ್ನೂ ಸರಿಯಾಗದ ದೂರುಗಳನ್ನು ಆಯಾ ಟೂಲ್‌ನ ವಿವರಣೆಯಲ್ಲೇ ಒಂದು ಸಾಲಿನಲ್ಲಿ ಹಾಕಿ ನೋಡುತ್ತಿದ್ದೇನೆ. ಸಾಲು ಜಾಸ್ತಿಯಾದಷ್ಟೂ ಟೋಕನ್ (ಮಾಡೆಲ್ ಓದುವ ಪದದ ತುಣುಕು) ಖರ್ಚು ಏರುತ್ತದೆ. ಅದಕ್ಕೆ ಟೂಲ್ ಒಂದಕ್ಕೆ ಎರಡೇ ಸಾಲು ಎಂದು ಕಟ್ಟು ಹಾಕಿ ಏಪ್ರಿಲ್ ಪೂರ್ತಿ ಓಡಿಸುತ್ತೇನೆ.