ರಾಮಾಮಾತ್ಯನು ನಮ್ಮ ಹಾಡು ಕೇಳಿದರೆ

ಗಂಗಾವತಿ, 3 ಅಕ್ಟೋಬರ್ 2025, ಶುಕ್ರವಾರ

ನಿನ್ನೆ ಬನ್ನಿ ಕೊಟ್ಟು ಬರುವ ಹೊತ್ತಿಗೆ ಓಣಿಯ ದೇವಿಯ ಮೆರವಣಿಗೆ ಹೊರಟಿತ್ತು. ಮುಂದೆ ಡೊಳ್ಳು, ಹಿಂದೆ ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಡಿಜೆ. "ವಿಜಯನಗರದ ಕಾಲದ ಮಂದಿ ಇದನ್ನ ಕೇಳಿದ್ರ ಕಿವಿ ಮುಚ್ಚಿಗೊಂಡು ಓಡ್ತಿದ್ರು ನೋಡ್ರಿ" ಎಂದರು, ಪಕ್ಕದಲ್ಲಿದ್ದ ನಿವೃತ್ತ ಮಾಸ್ತರರು. ಆ ಮಾತನ್ನು ನಾನು ಒಪ್ಪಲಾರೆ.

ಸದ್ದುಗದ್ದಲಕ್ಕೆ ಹೆದರುವ ಜನ ಅವರಲ್ಲ. ಹೊಳೆಯಾಚೆ ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕೋಲು ಹಿಡಿದು, ನಡು ಬಳುಕಿಸಿ ಕುಣಿಯುವ ಹೆಣ್ಣುಮಕ್ಕಳ ಸಾಲನ್ನು ನೋಡಿದವರಿಗೆ ಇದು ತಿಳಿದೇ ಇರುತ್ತದೆ. 1520ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಒಂಬತ್ತು ದಿನಗಳ ಹಬ್ಬದ ಕುಣಿತ, ಜಟ್ಟಿಗಳ ಕಾಳಗ, ಇರುಳಿನ ಪಂಜುಗಳು, ಬಾಣಬಿರುಸು ಎಲ್ಲವನ್ನೂ ಬರೆದಿಟ್ಟಿದ್ದಾನೆ.

ಶಾಸ್ತ್ರ ಬಲ್ಲವರಾದರೂ ಮೂಗು ಮುರಿಯುತ್ತಿದ್ದರೇ ಎಂಬುದು ನನಗೆ ಸಂದೇಹ. ಅಳಿಯ ರಾಮರಾಯನ ಆಶ್ರಯದಲ್ಲಿ 1550ರಲ್ಲಿ 'ಸ್ವರಮೇಳಕಲಾನಿಧಿ' ಎಂಬ ಸಂಗೀತಶಾಸ್ತ್ರ ಗ್ರಂಥವನ್ನು ಬರೆದ ರಾಮಾಮಾತ್ಯ, ರಾಗಗಳನ್ನು ಉತ್ತಮ, ಮಧ್ಯಮ, ಅಧಮ ಎಂದು ವಿಂಗಡಿಸಿದ ನಿಷ್ಠುರಿ ಎಂಬುದು ನಿಜ. ಆದರೆ ಶಾಸ್ತ್ರಕ್ಕೂ ರೂಢಿಗೂ ತಾಳೆಯಾಗದಿದ್ದಾಗ ರೂಢಿಯ ಸಂಗೀತಕ್ಕೇ ಮಣೆ ಹಾಕಿದವನೂ ಅವನೇ. ರಾಗ ಬದಲಾದಂತೆ ಮೆಟ್ಟುಗಳನ್ನು ಸರಿಸಬೇಕಿಲ್ಲದ ವೀಣೆಯನ್ನು ವಿವರಿಸಿದ ಆತನ ಮುಂದೆ ಇಂದಿನ ಕೀಬೋರ್ಡ್ ಇಟ್ಟರೆ, ಒಂದು ಸ್ಥಾಯಿಯ ಹನ್ನೆರಡು ಸ್ವರದ ಮನೆಗಳನ್ನು ಗುರುತಿಸಲು ಅವನಿಗೆ ಹೆಚ್ಚು ಹೊತ್ತು ಹಿಡಿಯದು. ಸ್ವರವನ್ನು ತೂಗಿ ಬಳುಕಿಸುವ ಗಮಕ ಎಲ್ಲಿ ಹೋಯಿತು ಎಂದು ಮಾತ್ರ ಖಂಡಿತ ಕೇಳುತ್ತಾನೆ.

ಸಿನಿಮಾದ ಪರದೆಯೂ ಹಿಂದಿನವರಿಗೆ ತೀರ ಅಪರಿಚಿತವಲ್ಲ. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ತಂದುಕೊಟ್ಟ ತೊಗಲುಗೊಂಬೆಯಾಟದಲ್ಲಿ ಪರದೆಯೂ ಇದೆ, ಬೆಳಕೂ ಇದೆ. ಹದ ಮಾಡಿದ ತೊಗಲಿನಲ್ಲಿ ಕೊರೆದ ಸಣ್ಣ ಸಣ್ಣ ತೂತುಗಳಿಂದ ದೀಪ ಹಾಯ್ದಾಗ ಸೀತೆಯ ಒಡವೆಗಳು ಮಿನುಗುತ್ತವೆ, ಸೀರೆಯ ಕೆಂಪು ಪರದೆಗಿಳಿಯುತ್ತದೆ. ಆದರೆ ಆಡಿಸುವವರು ಮರೆಯಲ್ಲಿದ್ದರೂ ಜನರ ನಗು ಅವರಿಗೆ ಕೇಳಿಸುತ್ತದೆ. ನಗು ಬಂದಂತೆ ಆಟದ ಹಾಸ್ಯದ ಗೊಂಬೆ ಕಿಳ್ಳೇಕ್ಯಾತನ ಮಾತು ಬೆಳೆಯುತ್ತದೆ. ಬಳ್ಳಾರಿ ಕಡೆಯ ಕಂಪನಿ ನಾಟಕಗಳಲ್ಲೂ 'ಒನ್ಸ್ ಮೋರ್' ಬಿದ್ದರೆ ಪಾತ್ರಧಾರಿಯೇ ಹಾಡನ್ನು ಮತ್ತೆ ಎತ್ತಿಕೊಳ್ಳುತ್ತಿದ್ದರು.

ಹಾಡುವವರಿಗೂ ಕೇಳುವವರಿಗೂ ಇದ್ದ ಈ ನಂಟು ಸಡಿಲವಾದದ್ದು, ನನ್ನ ಲೆಕ್ಕದಲ್ಲಿ, 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮೊಫೋನ್ ತಟ್ಟೆಗೆ ಹಾಡಿದಂದಿನಿಂದ. ಸುಮಾರು 3 ನಿಮಿಷಗಳಲ್ಲಿ ರಾಗವನ್ನು ಮುಗಿಸಿ, ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುತ್ತಿದ್ದ ಆ ಗಾಯಕಿಯ ಎದುರಿಗೆ ತಲೆದೂಗುವವರು ಯಾರೂ ಕುಳಿತಿರಲಿಲ್ಲ.

ಆದ್ದರಿಂದ ರಾಮಾಮಾತ್ಯನನ್ನು ದಿಗಿಲುಗೊಳಿಸುವುದು ಡಿಜೆಯಲ್ಲ, ಕೊಪ್ಪಳದ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಒಬ್ಬನೇ ತಲೆದೂಗುವ ಹುಡುಗ. ಆ ಮೆಚ್ಚುಗೆ ಹಾಡಿದವರ ಕಣ್ಣಿಗೆ ಬೀಳುವುದೇ ಇಲ್ಲವೆಂದರೆ ರಾಮಾಮಾತ್ಯ ನಂಬಲಾರ. ಹಾಡಿನ ಗುಣದೋಷದ ಚರ್ಚೆಗೆ ಆಮೇಲೆ ಬಂದಾನು. ಮೊದಲು ಹಾಡಿದವರನ್ನು ಕರೆತನ್ನಿ ಎಂದೇ ಕೇಳುತ್ತಾನೆ.